ಧಾತು ಬರದ ನಂತರದ ಮೈಸೂರು: ಸಾಲ, ರೈಲು, ನಾಲೆ

1876–78ರ ಧಾತು ಬರದ ಹೊಡೆತಕ್ಕೆ ಮೈಸೂರು ಸಂಸ್ಥಾನದ ಜನಸಂಖ್ಯೆ 50.5 ಲಕ್ಷದಿಂದ (1871) 41.9 ಲಕ್ಷಕ್ಕೆ (1881) ಕುಸಿಯಿತು. ಅದೇ 1881ರಲ್ಲಿ ಬ್ರಿಟಿಷರಿಂದ ಒಡೆಯರಿಗೆ ಅಧಿಕಾರ ಮರಳಿತು, ಬೆನ್ನಿಗೇ ಬರದ 80 ಲಕ್ಷ ರೂಪಾಯಿ ಸಾಲವೂ. ಮದ್ದೂರು, ಮಂಡ್ಯ ಹಾದು ರೈಲು 1882ರಲ್ಲಿ ಮೈಸೂರು ಮುಟ್ಟಿತು. ರೈಲೇ ಬರಕ್ಕೆ ಮದ್ದು ಎಂಬ ವಾದವಿದೆ. ಅದು ಅರ್ಧ ನಿಜ: ರೈಲು ರಾಗಿ ತರುತ್ತದೆ, ಕೊಳ್ಳುವ ಕಾಸನ್ನಲ್ಲ, ಕೂಲಿ ನಿಂತವನಿಗೆ ಮೂಟೆ ತುಂಬಿದ ವ್ಯಾಗನ್ ಬಂದರೂ ಒಂದೇ, ಬಿಟ್ಟರೂ ಒಂದೇ. ಪಕ್ಕದ ಮಳವಳ್ಳಿಗಂತೂ ಹಳಿಯೇ ಬರಲಿಲ್ಲ. ಮದ್ದೂರು, ಮಂಡ್ಯ, ಮಳವಳ್ಳಿಯ ರೈತನ ಕೈಗೆ ಕಾಸು ತಂದದ್ದು ನೀರು: 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, ಮೂರೂ ತಾಲ್ಲೂಕುಗಳಿಗೆ ಹರಿದ ಇರ್ವಿನ್ (ಇಂದಿನ ವಿಶ್ವೇಶ್ವರಯ್ಯ) ನಾಲೆ, 1933ರ ಮೈಸೂರು ಸಕ್ಕರೆ ಕಂಪನಿ. ಆ ಕಾಸು ಬಂದದ್ದೂ ಬರ ಕಳೆದು ಅರ್ಧ ಶತಮಾನದ ಮೇಲೆ.