ಎಳೆತ: ನೂಲಿನಿಂದ ನದಿಯವರೆಗೆ

‘ಟೆನ್ಷನ್’ ಎಂಬ ಪರಭಾಷೆಯ ಮಾತು ಇಂದು ಕನ್ನಡಿಗರ ಮನೆಮಾತಾಗಿದೆ. ಪರೀಕ್ಷೆ ಹತ್ತಿರ ಬಂದರೆ ವಿದ್ಯಾರ್ಥಿಗೆ ಟೆನ್ಷನ್. ಮುಂಗಾರು ತಡವಾದರೆ ಒಕ್ಕಲಿಗನಿಗೆ ಟೆನ್ಷನ್. ಎರಡು ಗುಂಪುಗಳ ನಡುವೆ ಮಾತು ಬೆಳೆದರೆ ಊರಿಗೆಲ್ಲ ಟೆನ್ಷನ್. ಹೊಲಗಳ ಮೇಲೆ ಹಾದುಹೋಗುವ ವಿದ್ಯುತ್ ಮಾರ್ಗಕ್ಕೆ ‘ಹೈಟೆನ್ಷನ್ ಲೈನು’ ಎಂಬ ಹೆಸರಿದೆ. ಅಲ್ಲಿ ಆ ಮಾತಿಗೆ ವಿದ್ಯುತ್ತಿನ ಒತ್ತಡವೆಂದು ಅರ್ಥ. ರಕ್ತದೊತ್ತಡ ಹೆಚ್ಚಿದುದನ್ನು ವೈದ್ಯರು ಸೂಚಿಸುವ ಹೆಸರಿನಲ್ಲಿಯೂ ಇದೇ ಪದ ಅಡಗಿದೆ. ಇಷ್ಟು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರು ಬಂದುದು ಹೇಗೆ, ಆ ಎಲ್ಲ ಅರ್ಥಗಳನ್ನು ಕಟ್ಟಿ ಹಿಡಿದ ಸೂತ್ರ ಯಾವುದು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ. ಭೌತಶಾಸ್ತ್ರದ ಪಾಠಕ್ಕೂ ಸಮಾಜದ ಪಾಠಕ್ಕೂ ಸಮಾನವಾಗಿ ಸೇರಿದ ಈ ವಿಷಯಕ್ಕೆ ತುಂಗಭದ್ರೆಯ ದಡದ ಕುಮಾರಪಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ವಿರಳ.

ಮಾತಿನ ಬೇರು

ಆ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ‘ಎಳೆದು ಹಿಗ್ಗಿಸು’ ಎಂಬುದು ಅಲ್ಲಿ ಅದರ ಅರ್ಥ. ಸಂಸ್ಕೃತದ ‘ತನ್’ ಧಾತುವು ಅದರ ಸೋದರ. ತಂತು, ತಂತಿ, ತಂತ್ರ, ಸಂತಾನ, ವಿತಾನ ಮೊದಲಾದ ಶಬ್ದಗಳೆಲ್ಲ ಈ ಧಾತುವಿನಿಂದ ಹುಟ್ಟಿದವು. ಆದುದರಿಂದ ಟೆನ್ಷನ್ ಎಂದಾಗ ಕನ್ನಡಿಗನು ತನಗರಿಯದಂತೆ ವೀಣೆಯ ತಂತಿಯ ದೂರದ ನೆಂಟನನ್ನೇ ಕರೆಯುತ್ತಾನೆ.

ಅಚ್ಚಗನ್ನಡದಲ್ಲಿ ಈ ಅರ್ಥಕ್ಕೆ ಎಳೆತ, ಸೆಳೆತ, ಬಿಗಿತ, ಜಗ್ಗಾಟ ಎಂಬ ಮಾತುಗಳಿವೆ. ‘ಎಳೆ’ ಎಂಬ ರೂಪವನ್ನು ಗಮನಿಸಬೇಕು. ಇಂದಿನ ಕನ್ನಡದಲ್ಲಿ ಅದು ಕ್ರಿಯಾಪದವಾದಾಗ ಜಗ್ಗುವುದು, ನಾಮಪದವಾದಾಗ ನೂಲಿನ ಎಳೆ, ವಿಶೇಷಣವಾದಾಗ ಕೋಮಲವಾದದ್ದು. ಮೂರಕ್ಕೂ ಮೂಲ ಒಂದೇ ಎನ್ನಬೇಕಾಗಿಲ್ಲ. ಆದರೆ ಈ ಮೂರು ಅರ್ಥಗಳ ನೆರೆಹೊರೆ ಬೋಧಕನಿಗೆ ಉಪಯುಕ್ತವಾದದ್ದು. ಎಳೆಯದಿದ್ದರೆ ಎಳೆಯಿಲ್ಲ, ಎಳೆಯದಾಗಿದ್ದಾಗಲೇ ಎಳೆಯಬೇಕು. ಇದರ ಸತ್ಯವು ಮುಂದೆ ತಿಳಿದುಬರುತ್ತದೆ.

ಹಗ್ಗದ ಪಾಠ

ಹಗ್ಗ, ತಂತಿ, ಸರಪಳಿ ಇಂಥ ವಸ್ತುಗಳನ್ನು ಎರಡು ತುದಿಗಳಿಂದ ಜಗ್ಗಿದಾಗ ಅವುಗಳ ಒಡಲಿನುದ್ದಕ್ಕೂ ಉಂಟಾಗುವ ಬಲಕ್ಕೆ ಭೌತಶಾಸ್ತ್ರವು ಎಳೆತವೆನ್ನುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಪಕ್ಷ ೨೦೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಿತೆನ್ನಿ, ಇನ್ನೊಂದು ಪಕ್ಷವೂ ಅಷ್ಟೇ ಬಲದಿಂದ ಎಳೆದು ಹಗ್ಗ ನಿಶ್ಚಲವಾಗಿ ನಿಂತಿತೆನ್ನಿ. ಹಗ್ಗದಲ್ಲಿರುವ ಎಳೆತ ಎಷ್ಟು? ಬಹುಪಾಲು ವಿದ್ಯಾರ್ಥಿಗಳು ೪೦೦ ಎಂದು ಉತ್ತರಿಸುತ್ತಾರೆ. ಸರಿಯಾದ ಉತ್ತರ ೨೦೦. ಒಂದು ಪಕ್ಷವನ್ನು ಬಿಡಿಸಿ ಆ ತುದಿಯನ್ನು ಹುಣಸೆಯ ಮರಕ್ಕೆ ಕಟ್ಟಿದರೂ ಎಳೆತ ಅಷ್ಟೇ ಇರುತ್ತದೆ. ಏಕೆಂದರೆ ಮರವೂ ೨೦೦ರಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಒಂದು ತುದಿಯನ್ನು ಕೈಬಿಟ್ಟರೆ ಆ ಕ್ಷಣವೇ ಎಳೆತ ಇಲ್ಲವಾಗುತ್ತದೆ. ಇದರಿಂದ ಮೊದಲನೆಯ ತತ್ತ್ವ ಸಿದ್ಧಿಸುತ್ತದೆ: ಎಳೆತವು ಒಬ್ಬರ ಸೊತ್ತಲ್ಲ, ಒಂದೇ ಹಗ್ಗಕ್ಕೆ ಬಿದ್ದ ಇಬ್ಬರ ನಡುವೆ ಮಾತ್ರ ಅದು ಇರಬಲ್ಲದು. ಸಂಬಂಧವಿಲ್ಲದ ಕಡೆ ಎಳೆತಕ್ಕೆ ಎಡೆಯಿಲ್ಲ.

ಎರಡನೆಯ ತತ್ತ್ವವು ಇನ್ನೂ ಕುತೂಹಲಕರವಾದುದು. ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗದ ನಟ್ಟನಡುವೆ ೧೦ ಕಿಲೋಗ್ರಾಂ ತೂಕವನ್ನು ತೂಗುಬಿಟ್ಟರೆ ಹಗ್ಗ ಜೋಲುತ್ತದೆ. ಹಗ್ಗವು ಅಡ್ಡಮಟ್ಟದಿಂದ ೩೦ ಅಂಶ ಕೆಳಗಿಳಿದಿದ್ದರೆ ಅದರ ಪ್ರತಿ ಪಾರ್ಶ್ವದ ಎಳೆತ ೧೦ ಕಿಲೋಗ್ರಾಂ ತೂಕಕ್ಕೆ ಸಮ. ಜೋಲನ್ನು ಸಹಿಸದೆ ಬಿಗಿದು ಬಿಗಿದು ಆ ಕೋನವನ್ನು ೫ ಅಂಶಕ್ಕೆ ಇಳಿಸಿದರೆ ಎಳೆತ ಸುಮಾರು ೫೭ಕ್ಕೆ ಏರುತ್ತದೆ. ಹೊರೆ ಹೆಚ್ಚಿಲ್ಲ, ಬಿಗಿದ ಕೈ ಮಾತ್ರ ಹೆಚ್ಚು ಬಿಗಿಯಿತು. ಹಗ್ಗವನ್ನು ಸಂಪೂರ್ಣ ನೇರವಾಗಿಸಬೇಕೆಂದರೆ ಎಂಥ ಬಲವೂ ಸಾಲದು. ಅದಕ್ಕೆ ಮುನ್ನವೇ ಹಗ್ಗ ಹರಿಯುತ್ತದೆ. ವಿದ್ಯುತ್ ಇಲಾಖೆಯವರು ಕಂಬಗಳ ನಡುವೆ ತಂತಿಯನ್ನು ಉದ್ದೇಶಪೂರ್ವಕವಾಗಿಯೇ ಸ್ವಲ್ಪ ಜೋಲಾಗಿ ಬಿಡುವುದು ಇದೇ ಕಾರಣಕ್ಕೆ. ಚಳಿಗಾಲದಲ್ಲಿ ಲೋಹ ಕುಗ್ಗುತ್ತದೆ. ಜೋಲಿಲ್ಲದ ತಂತಿ ಆಗ ತನ್ನ ಬಿಗಿತದಿಂದಲೇ ತುಂಡಾದೀತು. ಜೋಲು ಸೋಮಾರಿತನದ ಗುರುತಲ್ಲ, ತಂತಿಯ ಆಯುಷ್ಯ.

ಹಾಗೆಂದು ಬಿಗಿತವೇ ಬೇಡವೆನ್ನುವಂತಿಲ್ಲ. ಸಡಿಲಾದ ತಂತಿಯಲ್ಲಿ ನಾದವಿಲ್ಲ. ಬಸವಣ್ಣನವರು ತಮ್ಮ ನರಗಳನ್ನೇ ವೀಣೆಯ ತಂತಿಗಳಾಗಿ ಭಾವಿಸಿದ ವಚನದ ಸೊಗಸು ಇದನ್ನರಿತವರಿಗೆ ಇಮ್ಮಡಿಯಾಗುತ್ತದೆ. ಜೇಡರ ದಾಸಿಮಯ್ಯನ ಕಾಯಕವಾಗಿದ್ದ ನೇಯ್ಗೆಯಲ್ಲಿಯೂ ಹಾಸಿನ ನೂಲು ಬಿಗಿಯಾಗಿರಬೇಕು, ಹೊಕ್ಕಿನ ನೂಲು ಸರಾಗವಾಗಿ ಹಾಯಬೇಕು. ಎರಡೂ ಬಿಗಿದರೆ ಲಾಳಿ ನಡೆಯದು. ಎರಡೂ ಸಡಿಲವಾದರೆ ಬಟ್ಟೆಯಾಗದು.

ನೂಲಿನ ಪಾಠ

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವು ಹರಿಹರ ಪಟ್ಟಣಕ್ಕೆ ಎದುರಾಗಿ, ನದಿಯ ಇನ್ನೊಂದು ದಡದಲ್ಲಿದೆ. ಇಲ್ಲಿ ಗ್ವಾಲಿಯರ್ ರೇಯಾನ್ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ೧೯೭೨ರಲ್ಲಿಯೂ, ಗ್ರಾಸಿಲಿನ್ ಕಾರ್ಖಾನೆ ೧೯೭೭ರಲ್ಲಿಯೂ ಆರಂಭವಾದವು. ಆ ಸಂಸ್ಥೆ ಮುಂದೆ ಗ್ರಾಸಿಂ ಎಂಬ ಹೆಸರು ತಾಳಿತು. ಮೊದಲನೆಯದು ನೀಲಗಿರಿ ಮೊದಲಾದ ಮರಗಳಿಂದ ತಿರುಳನ್ನು ತೆಗೆಯುತ್ತದೆ. ಎರಡನೆಯದು ಆ ತಿರುಳಿನಿಂದ ವಿಸ್ಕೋಸ್ ಎಂಬ ನಾರನ್ನು ತಯಾರಿಸುತ್ತದೆ.

ತಿರುಳಿನ ಹಾಳೆಗಳನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ಇಂಗಾಲದ ಡೈಸಲ್ಫೈಡಿನೊಡನೆ ಕೂಡಿಸಿ, ಮತ್ತೆ ಸೋಡಾದಲ್ಲಿ ಕರಗಿಸಿದರೆ ಜೇನುತುಪ್ಪದಂಥ ಮಂದ ದ್ರವ ಸಿದ್ಧವಾಗುತ್ತದೆ. ಅದನ್ನು ಕೂದಲಿಗಿಂತ ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದಾಗ ದ್ರವವು ಎಳೆಯಾಗಿ ಹೆಪ್ಪುಗಟ್ಟುತ್ತದೆ. ಈ ಹಂತದಲ್ಲಿ ಎಳೆಗೆ ಬಲವಿಲ್ಲ. ಅದರೊಳಗಿನ ಸೆಲ್ಯುಲೋಸಿನ ಉದ್ದನೆಯ ಅಣುಗಳು ಕೆದರಿದ ಹುಲ್ಲಿನಂತೆ ದಿಕ್ಕುಗೆಟ್ಟು ಬಿದ್ದಿರುತ್ತವೆ. ಎಳೆ ಇನ್ನೂ ಮೆತ್ತಗಿರುವಾಗಲೇ ಅದನ್ನು ಎರಡು ಜೋಡಿ ಉರುಳೆಗಳ ನಡುವೆ ಹಾಯಿಸುತ್ತಾರೆ; ಮುಂದಿನ ಉರುಳೆ ಹಿಂದಿನದಕ್ಕಿಂತ ವೇಗವಾಗಿ ತಿರುಗುತ್ತದೆ. ಆ ವೇಗದ ಅಂತರವೇ ಎಳೆತ. ಅದರಿಂದ ಅಣುಗಳು ಸಾಲುಗೊಂಡು ಒಂದಕ್ಕೊಂದು ಅಂಟಿ ನಿಲ್ಲುತ್ತವೆ; ನಾರಿಗೆ ಗಟ್ಟಿತನ ಬರುತ್ತದೆ. ಅಳತೆ ಮೀರಿ ಎಳೆದರೆ ನಾರು ತುಂಡಾಗುತ್ತದೆ. ಗಟ್ಟಿಯಾದ ಮೇಲೆ ಎಳೆದರೆ ಪ್ರಯೋಜನವಿಲ್ಲ. ಮೆತ್ತಗಿರುವ ಕಾಲದಲ್ಲಿ, ಹದವರಿತು, ಒಂದೇ ದಿಕ್ಕಿನಲ್ಲಿ ಎಳೆದ ಎಳೆ ಮಾತ್ರ ಬಾಳುತ್ತದೆ. ಇದು ನೂಲಿನ ಶಾಸ್ತ್ರವೂ ಹೌದು, ಗುರುಕುಲದ ಶಾಸ್ತ್ರವೂ ಹೌದು.

ಈ ನಾರಿಗೆ ಒಂದು ದೌರ್ಬಲ್ಯವುಂಟು. ಒಣಗಿದಾಗ ಇರುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಅದು ನೆನೆದಾಗ ಕಳೆದುಕೊಳ್ಳುತ್ತದೆ. ಕುಮಾರಪಟ್ಟಣದ ಕಥೆಯಲ್ಲಿಯೂ ಬಲಾಬಲದ ಪರೀಕ್ಷೆ ನಡೆದುದು ನೀರಿನ ಬಳಿಯಲ್ಲೇ.

ನದಿಯ ಪಾಠ

ತಿರುಳು ಮತ್ತು ನಾರಿನ ತಯಾರಿಕೆಗೆ ಅಪಾರವಾದ ನೀರು ಬೇಕು. ನದಿಯಿಂದ ಪಡೆದ ನೀರು ಬಳಕೆಯಾದ ಮೇಲೆ ಮತ್ತೆ ನದಿಯತ್ತಲೇ ಸಾಗಬೇಕು. ಕೆಳದಂಡೆಯ ಹಳ್ಳಿಗಳು ಕುಡಿಯಲು, ದನಕರುಗಳಿಗೆ, ಹೊಲಗಳಿಗೆ, ಮೀನುಗಾರಿಕೆಗೆ ಅದೇ ನದಿಯನ್ನು ನಂಬಿದ್ದವು. ನೀರಿನ ಬಣ್ಣ ಕೆಟ್ಟಿತು, ದುರ್ವಾಸನೆ ಹರಡಿತು, ಮೀನು ಸತ್ತು ತೇಲಿತು ಎಂದು ಆ ಹಳ್ಳಿಗಳು ದೂರಿದವು. ಜಲಮಾಲಿನ್ಯ ನಿವಾರಣೆಯ ಕಾಯಿದೆ ೧೯೭೪ರಲ್ಲಿಯೇ ಬಂದಿದ್ದರೂ ಕಾಯಿದೆಯ ಪುಸ್ತಕಕ್ಕೂ ನದಿಯ ದಡಕ್ಕೂ ನಡುವೆ ಬಹಳ ದೂರವಿತ್ತು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸದಲ್ಲಿ ತೊಡಗಿದ್ದ ಎಸ್. ಆರ್. ಹಿರೇಮಠರು ಮತ್ತು ಅವರ ಸಂಗಡಿಗರು ೧೯೮೪ರಲ್ಲಿ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿ ಈ ದೂರಿಗೆ ಸಂಘಟಿತ ರೂಪ ಕೊಟ್ಟರು.

ಅದೇ ವರ್ಷ ಎಳೆತ ನೀರಿನಿಂದ ನೆಲಕ್ಕೂ ಹಬ್ಬಿತು. ಕಾರ್ಖಾನೆಗೆ ಮರ ಒದಗಿಸಲೆಂದು ಸರ್ಕಾರ ಮತ್ತು ಕಂಪನಿ ಕೂಡಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಅದರಲ್ಲಿ ಸರ್ಕಾರದ ಪಾಲು ಶೇಕಡ ೫೧, ಕಂಪನಿಯ ಪಾಲು ಶೇಕಡ ೪೯. ಸುಮಾರು ೩೦,೦೦೦ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆಸುವುದು ಯೋಜನೆಯಾಗಿತ್ತು. ಕಾಗದದಲ್ಲಿ ಅದು ಪಾಳುಭೂಮಿ; ಹಳ್ಳಿಗರಿಗೆ ಅದು ದನ ಮೇಯುವ ಗೋಮಾಳ, ಉರುವಲು ಮತ್ತು ಸೊಪ್ಪಿನ ಆಸರೆ. ೧೯೮೬ರ ಡಿಸೆಂಬರಿನಲ್ಲಿ ಡಾ. ಶಿವರಾಮ ಕಾರಂತರು, ಸಮುದಾಯ ಮತ್ತಿತರರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ೧೯೮೭ರ ಮಾರ್ಚಿಯಲ್ಲಿ ಭೂಮಿಯ ವರ್ಗಾವಣೆಗೆ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ ೧೪ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಮರಗಳ ಸಸಿಗಳನ್ನು ಹಚ್ಚಿದರು. ೧೯೯೧ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು. ಕಾರ್ಖಾನೆಗಳು ಮುಂದುವರಿದವು, ಇಂದಿಗೂ ನಡೆಯುತ್ತಿವೆ.

ಈ ವೃತ್ತಾಂತವನ್ನು ಒಂದೇ ತುದಿಯಿಂದ ಓದುವುದು ಸುಲಭ, ಆದರೆ ಹಗ್ಗದ ಪಾಠ ಅದಕ್ಕೆ ಒಪ್ಪುವುದಿಲ್ಲ. ಇನ್ನೊಂದು ತುದಿಯಲ್ಲಿ ಸಾವಿರಾರು ಕಾರ್ಮಿಕ ಕುಟುಂಬಗಳಿದ್ದವು. ನದಿಯಾಚೆಯ ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾಗಿ ಹೆಸರುವಾಸಿಯಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಂದೆ ಮುಚ್ಚಿದಾಗ, ಸೈರನ್ನಿನ ಸದ್ದಡಗಿದ ಊರು ಹೇಗಿರುತ್ತದೆಂಬುದನ್ನು ಈ ಸೀಮೆ ಕಣ್ಣಾರೆ ಕಂಡಿತು. ಮೀನುಗಾರನ ಬಲೆಯೂ ಅನ್ನ, ಕಾರ್ಮಿಕನ ಪಾಳಿಯೂ ಅನ್ನ. ಇಬ್ಬರನ್ನೂ ಕಟ್ಟಿದ ಹಗ್ಗ ತುಂಗಭದ್ರೆ. ನದಿ ಅವರಿಬ್ಬರಿಗೂ ಸೇರಿದ್ದರಿಂದಲೇ ಎಳೆತ ಹುಟ್ಟಿತು.

ಆ ಎಳೆತ ಹರಿಯುವ ಮಟ್ಟಕ್ಕೆ ಹೋಗದಿರಲು ಕಾರಣವೇನು? ನಡುವೆ ಜೋಲಿತ್ತು. ದೂರು ಕೊಡಲು ಸಂಘಟನೆಯಿತ್ತು, ಕೇಳಲು ನ್ಯಾಯಾಲಯವಿತ್ತು, ಕಿತ್ತ ಕೈಗೆ ನೆಡುವ ಕೆಲಸವೂ ಇತ್ತು. ಜೋಲಿಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಇದೇ ಜಿಲ್ಲೆಯ ಬ್ಯಾಡಗಿಯ ಉದಾಹರಣೆಯಿದೆ. ೨೦೨೪ರ ಮಾರ್ಚ್ ೧೧ರಂದು ಮೆಣಸಿನಕಾಯಿಯ ಬೆಲೆ ಕುಸಿದಾಗ ಮಾರುಕಟ್ಟೆಯಲ್ಲಿ ಆಕ್ರೋಶ ಸಿಡಿದು, ವಾಹನಗಳಿಗೂ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೂ ಬೆಂಕಿ ಬಿದ್ದಿತು. ವರ್ಷದ ದುಡಿಮೆಗೆ ತಕ್ಕ ಬೆಲೆ ಸಿಗದವನ ಸಂಕಟ ನಿಜ. ಸುಟ್ಟುಹೋದ ಮಾರುಕಟ್ಟೆಯಲ್ಲಿಯೇ ಅವನು ಮರುದಿನ ಮಾಲು ಮಾರಬೇಕಾದುದೂ ಅಷ್ಟೇ ನಿಜ. ಹಗ್ಗ ಹರಿದಾಗ ಎರಡು ಪಕ್ಷಗಳೂ ಬೆನ್ನ ಮೇಲೆ ಬೀಳುತ್ತವೆ.

ಹನ್ನೆರಡನೆಯ ಶತಮಾನದ ಕಲ್ಯಾಣವೂ ಇಂಥದೊಂದು ಹರಿತವನ್ನು ಕಂಡಿತು. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹವನ್ನು ಅರಮನೆ ಸಹಿಸದೆ ದಂಡನೆಗೆ ಕೈಹಾಕಿತೆಂದು ಪರಂಪರೆ ಹೇಳುತ್ತದೆ. ಶರಣರು ಚದುರಿದರು, ಅರಸೊತ್ತಿಗೆಯೂ ಉಳಿಯಲಿಲ್ಲ. ಕಿಂಚಿತ್ತೂ ಜೋಲು ಕೊಡದೆ ಬಿಗಿದ ಕೈಗೆ ಕೊನೆಯಲ್ಲಿ ಹಗ್ಗವೇ ದಕ್ಕಲಿಲ್ಲ.

ಸೇತುವೆಯ ಪಾಠ

ಕಲ್ಲು ಒತ್ತನ್ನು ತಾಳುತ್ತದೆ, ಎಳೆತವನ್ನು ತಾಳಲಾರದು. ಉದ್ದನೆಯ ಕಲ್ಲುಚಪ್ಪಡಿಯನ್ನು ಎರಡು ಕಂಬಗಳ ಮೇಲಿಟ್ಟು ನಡುವೆ ಭಾರ ಹೇರಿದರೆ ಅದರ ತಳಭಾಗ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಕಮಾನನ್ನು ಕಂಡುಹಿಡಿದ ಶಿಲ್ಪಿಗಳು ಈ ಕಷ್ಟವನ್ನು ಗೆದ್ದರು. ಕಮಾನಿನಲ್ಲಿ ಮೇಲಿನ ಭಾರವು ಒಂದೊಂದು ಕಲ್ಲನ್ನೂ ಪಕ್ಕದ ಕಲ್ಲಿನ ಮೇಲೆ ಒರಗಿಸುತ್ತದೆ. ಬಿರಿಸಬೇಕಾಗಿದ್ದ ಬಲವೇ ಬೆಸೆಯುವ ಬಲವಾಗುತ್ತದೆ. ೧೮೬೮ರಲ್ಲಿ ಪೂರ್ಣಗೊಂಡ ಹರಿಹರದ ಕಮಾನು ಸೇತುವೆ ಈ ತತ್ತ್ವದ ಮೇಲೆಯೇ ನಿಂತದ್ದು. ಆಗ ಈ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಆ ದಡ ಮೈಸೂರು ಸಂಸ್ಥಾನ. ೧೯೫೬ರಲ್ಲಿ ಎರಡೂ ಒಂದೇ ರಾಜ್ಯವಾದವು. ೧೯೯೭ರಲ್ಲಿ ಹಾವೇರಿ, ದಾವಣಗೆರೆ ಎಂಬ ಎರಡು ಹೊಸ ಜಿಲ್ಲೆಗಳಾದವು. ಗಡಿಗಳು ಬದಲಾದವು; ದಡಗಳ ನಂಟು ಬದಲಾಗಲಿಲ್ಲ. ಇದೇ ನದಿಯ ದಂಡೆಯ ಚೌಡದಾನಪುರವು ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಊರು. ಅಂಬಿಗನಿಗೆ ಎರಡು ದಡಗಳಲ್ಲಿ ಯಾವುದೂ ಪರಕೀಯವಲ್ಲ. ಒಂದೇ ದಡವಿದ್ದರೆ ಅವನ ಕಾಯಕವೇ ಇಲ್ಲ.

ಸೇತುವೆಯಾಚೆ ೧೨೨೪ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿಯ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಶಿಲ್ಪಿಯು ಇಬ್ಬರನ್ನೂ ಅಳಿಸಿ ಮೂರನೆಯ ದೇವರನ್ನು ಮಾಡಲಿಲ್ಲ. ಇಬ್ಬರ ಲಾಂಛನಗಳನ್ನೂ ಉಳಿಸಿಕೊಂಡೇ ಒಂದು ಒಡಲನ್ನು ಕಡೆದನು. ಭೇದವಿದ್ದೂ ಬಿರುಕಿಲ್ಲದಿರುವುದು ಸಾಧ್ಯವೆಂಬುದಕ್ಕೆ ಅದು ಎಂಟುನೂರು ವರ್ಷಗಳ ಸಾಕ್ಷಿ.

ಈ ಸೀಮೆಯ ಶಾಲೆಗಳಲ್ಲಿ ಪಾಳಿಗೆ ಹೋಗುವವನ ಮಗನೂ ನದಿದಂಡೆಯ ರೈತನ ಮಗಳೂ ಒಂದೇ ತರಗತಿಯಲ್ಲಿ ಕುಳಿತು ಕಲಿಯುತ್ತಾರೆ. ಅಂಥ ತರಗತಿಯಲ್ಲಿ ಎಳೆತದ ಪಾಠವನ್ನು ಕಲಿಸುವ ಅಧ್ಯಾಪಕನು ಕರಿಹಲಗೆಯ ಮೇಲೆ ಒಂದು ಗೆರೆಯನ್ನೆಳೆದು, ಮೊದಲು ಅದರ ಎರಡು ತುದಿಗಳಿಗೂ ಹೆಸರು ಬರೆಯಿಸಲಿ. ಪ್ರತಿಯೊಂದು ತುದಿ ಎಷ್ಟು ಬಲದಿಂದ, ಯಾವ ಕಾರಣದಿಂದ ಎಳೆಯುತ್ತಿದೆಯೆಂದು ಕೇಳಲಿ. ಅನಂತರ, ನಡುವೆ ತೂಗುವ ಹೊರೆ ಯಾವುದೆಂದೂ ಹಗ್ಗಕ್ಕೆ ಎಷ್ಟು ಜೋಲು ಬೇಕೆಂದೂ ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಹಗ್ಗದ ಲೆಕ್ಕವನ್ನು ಹೀಗೆ ಬಿಡಿಸಿದ ಮಗುವಿಗೆ ನಾಳೆ ಊರಿನ ಲೆಕ್ಕವನ್ನು ಬಿಡಿಸುವುದು ಅಷ್ಟೊಂದು ಕಠಿಣವಾಗದು.