ಹನ್ನೊಂದು ಜೆರ್ಸಿಗಳ ಅರ್ಥಶಾಸ್ತ್ರ

‘ಅವಕಾಶ ವೆಚ್ಚ’ ಎಂಬುದರ ವ್ಯಾಖ್ಯಾನವನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದು ನಿಜವಾಗಿ ಅರ್ಥವಾದದ್ದು ಯುವ ಫುಟ್‌ಬಾಲ್ ಆಟಗಾರರ ಕನಸಿನ ತಂಡ ಆರಿಸಲು ಕುಳಿತಾಗ. ಗೆಳೆಯರೆಲ್ಲ ಸೇರಿ ಒಂದೇ ನಿಯಮ ಮಾಡಿಕೊಂಡೆವು: ಆಟಗಾರನು 20 ವರ್ಷ ತುಂಬುವ ಮೊದಲು ಮಾಡಿದ್ದು ಮಾತ್ರ ಲೆಕ್ಕಕ್ಕೆ. ಆಮೇಲಿನ ಹೆಸರು, ಹಣ ಯಾವುದೂ ಲೆಕ್ಕಕ್ಕಿಲ್ಲ.

ನನ್ನ ಮೊದಲ ಪಟ್ಟಿಯಲ್ಲಿ ಗೋಲು ಹೊಡೆಯುವವರೇ ಏಳು ಜನ ಇದ್ದರು. ಗೋಲ್‌ಕೀಪರ್ ಇರಲೇ ಇಲ್ಲ! ಹೆಸರುಗಳಿಂದ ಶುರು ಮಾಡಿದ್ದೇ ತಪ್ಪು. ಒಂದು ಸಂಸ್ಥೆ ಮೊದಲು ಹುದ್ದೆಗಳನ್ನು ಗುರುತಿಸಿ, ನಂತರ ವ್ಯಕ್ತಿಗಳನ್ನು ಹುಡುಕುತ್ತದೆ. ನಾನೂ ಹಾಗೆಯೇ 4-3-3 ಎಂದು ಸ್ಥಾನಗಳನ್ನು ಬರೆದುಕೊಂಡೆ.

ಗೋಲ್‌ಕೀಪರ್: ಇಕರ್ ಕಸಿಯಾಸ್. 2000ದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವೆಲೆನ್ಸಿಯಾವನ್ನು 3-0 ಅಂತರದಿಂದ ಸೋಲಿಸಿದಾಗ ಅವನಿಗೆ 19 ತುಂಬಿ ನಾಲ್ಕೇ ದಿನ.

ರಕ್ಷಣೆ: ಬಲಗಡೆ ಜುಸೆಪ್ಪೆ ಬೆರ್ಗೊಮಿ, 18ರಲ್ಲೇ 1982ರ ವಿಶ್ವಕಪ್ ಫೈನಲ್ ಆಡಿ ಇಟಲಿಯೊಂದಿಗೆ ಗೆದ್ದವನು. ಮಧ್ಯದಲ್ಲಿ ಮ್ಯಾಥಿಸ್ ಡಿ ಲಿಗ್ಟ್, 19ರಲ್ಲಿ ಅಯಾಕ್ಸ್ ನಾಯಕನಾಗಿ 2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿದವನು. ಜೊತೆಗೆ ಪಾವ್ ಕುಬರ್ಸಿ, 17ರಲ್ಲೇ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದವನು. ಎಡಗಡೆ ಪಾವ್ಲೊ ಮಾಲ್ದಿನಿ, 16ರಲ್ಲಿ ಎಸಿ ಮಿಲಾನ್ ಪರ ಆಡತೊಡಗಿ, 19ರಲ್ಲಿ ಇಟಲಿ ಲೀಗ್ ಚಾಂಪಿಯನ್ ಆದವನು.

ಮಧ್ಯಾಂಗಣ: 2006ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಆರ್ಸೆನಲ್ ಪರ 19ರಲ್ಲಿ ಆಡಿದ ಸೆಸ್ಕ್ ಫ್ಯಾಬ್ರೆಗಾಸ್. 2022ರ ವಿಶ್ವಕಪ್‌ನಲ್ಲಿ ಗೋಲು ಹೊಡೆದ ಇಂಗ್ಲೆಂಡ್‌ನ ಜೂಡ್ ಬೆಲ್ಲಿಂಗ್‌ಹ್ಯಾಮ್ (19) ಮತ್ತು ಸ್ಪೇನ್‌ನ ಗಾವಿ (18).

ಮುಂಚೂಣಿ: ನಡುವೆ ಪೆಲೆ, 17ರಲ್ಲಿ 1958ರ ವಿಶ್ವಕಪ್‌ನಲ್ಲಿ ಆರು ಗೋಲು, ಅದರಲ್ಲಿ ಫೈನಲ್‌ನಲ್ಲೇ ಎರಡು. ಎಡಗಡೆ ಕಿಲಿಯನ್ ಎಂಬಾಪೆ, 19ರಲ್ಲಿ 2018ರ ವಿಶ್ವಕಪ್‌ನಲ್ಲಿ ನಾಲ್ಕು ಗೋಲು. ಬಲಗಡೆ ಲಮಿನ್ ಯಮಾಲ್. 2024ರ ಯೂರೋ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದಾಗ ಅವನಿಗಿನ್ನೂ 16. 17 ತುಂಬಿದ ಮರುದಿನವೇ ಸ್ಪೇನ್ ಕಪ್ ಗೆದ್ದಿತು.

“ಮೆಸ್ಸಿ ಎಲ್ಲಿ?” ಎಂದು ಗೆಳೆಯರು ಜಗಳಕ್ಕೇ ಬಂದರು. 2007ರಲ್ಲಿ 19ರ ಮೆಸ್ಸಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದಿದ್ದ. ಅವನೂ ಆಗ ಬಲಗಡೆಯ ಆಟಗಾರನೇ. ಅದು ಲೀಗ್ ಪಂದ್ಯ, ಯಮಾಲ್‌ನದು ಯೂರೋ ಸೆಮಿಫೈನಲ್ ಎಂಬುದಷ್ಟೇ ನನ್ನ ವಾದ. ಆದರೆ ಜೆರ್ಸಿ ಒಂದೇ ಇದೆ, ಆಟಗಾರರು ಇಬ್ಬರು. ಯಮಾಲ್‌ನನ್ನು ಆರಿಸಿದ್ದರ ಅವಕಾಶ ವೆಚ್ಚ ಮೆಸ್ಸಿ. ಪರೀಕ್ಷೆಯಲ್ಲಿ ನಾವು ಮಾಡುವ ತಪ್ಪನ್ನೂ ಇಲ್ಲಿ ಗಮನಿಸಿ: ಕೈಬಿಟ್ಟ ಎಲ್ಲರನ್ನೂ ಕೂಡಿಸಬಾರದು. ಕೈಬಿಟ್ಟವರಲ್ಲಿ ಅತ್ಯುತ್ತಮವಾದ ಒಂದು ಪರ್ಯಾಯವೇ ಅವಕಾಶ ವೆಚ್ಚ. ಕೈಬಿಟ್ಟದ್ದಕ್ಕೆ ಬೆಲೆ ಇಲ್ಲವೆಂದು ಇದರ ಅರ್ಥವಲ್ಲ. ಬೆಲೆ ಇರುವುದರಿಂದಲೇ ಅದು ವೆಚ್ಚ.

ಈ ಮಾತು ನನಗೇ ಬೇಕಾಗಿತ್ತು. ಈ ವರ್ಷ ಕಾಲೇಜು ತಂಡದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಒಂದು ವಾರ ಮೈದಾನದ ಕಡೆ ತಲೆ ಹಾಕಲಿಲ್ಲ. ನಾನು ಯಾವುದಕ್ಕೂ ಬಾರದವನು ಎಂದುಕೊಂಡಿದ್ದೆ. ಈಗ ನೋಡಿದರೆ, ನಾನು ಆಡುವ ಎಡರಕ್ಷಣೆಯ ಜಾಗ ಒಂದೇ. ಅದಕ್ಕೆ ಆಯ್ಕೆಯಾದವನು ನನಗಿಂತ ವೇಗವಾಗಿ ಓಡುತ್ತಾನೆ. ಅದು ಈ ವರ್ಷದ ಆಯ್ಕೆ, ನನ್ನ ಜೀವನದ ತೀರ್ಪಲ್ಲ.

ನಮ್ಮ ಕನಸಿನ ತಂಡದ ನಿಯಮದಲ್ಲೂ ಒಂದು ಕೊರತೆ ಇದೆ. 16ರಲ್ಲಿ ಜೇಮಿ ವಾರ್ಡಿಯನ್ನು ಅವನ ಕ್ಲಬ್ ಕೈಬಿಟ್ಟಿತು. ಅವನು ಕಾರ್ಖಾನೆಯಲ್ಲಿ ದುಡಿಯುತ್ತಾ ಸಣ್ಣ ಲೀಗ್‌ಗಳಲ್ಲಿ ಆಡಿದ. 2016ರಲ್ಲಿ, 29ರ ವಯಸ್ಸಿನಲ್ಲಿ, ಲೆಸ್ಟರ್ ಸಿಟಿಯೊಂದಿಗೆ ಪ್ರೀಮಿಯರ್ ಲೀಗ್ ಗೆದ್ದ. 20ರೊಳಗಿನ ಯಾವ ಪಟ್ಟಿಯಲ್ಲೂ ಅವನಿಗೆ ಜಾಗವಿಲ್ಲ.

ನಾನು ಮತ್ತೆ ಸಂಜೆಯ ಅಭ್ಯಾಸಕ್ಕೆ ಹೋಗುತ್ತಿದ್ದೇನೆ. ನೀವೂ ನಿಮ್ಮ ಹನ್ನೊಂದು ಜನರನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ, ಅದಕ್ಕಾಗಿ ಬಿಟ್ಟ ಇನ್ನೊಂದು ಹೆಸರನ್ನೂ ಬರೆಯಿರಿ. ಪಾಠ ತಾನಾಗಿಯೇ ಅರ್ಥವಾಗುತ್ತದೆ.