ಹಿಂಭಾಗ ಎತ್ತುವ ಮೊದಲು ಮುಂಭಾಗ ಅಳೆಯಿರಿ

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಕಳೆದ ವರ್ಷ ಸೆಕೆಂಡ್‌ಹ್ಯಾಂಡ್ ಫೋರ್ಡ್ ಎಫ್-150 ಪಿಕಪ್ ತೆಗೆದುಕೊಂಡೆವು, ಈ ವರ್ಷ 24 ಅಡಿಯ ಟ್ರಾವೆಲ್ ಟ್ರೈಲರ್. ಸಾಮಾನು ತುಂಬಿದರೆ ಟ್ರೈಲರ್ ಸುಮಾರು 6,000 ಪೌಂಡ್ ತೂಗುತ್ತದೆ. ಅದನ್ನು ಸಿಕ್ಕಿಸಿದ ಕೂಡಲೇ ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ರಾತ್ರಿ ಎದುರಿನವರು ಲೈಟ್ ಹಾಕಿ ಬೈಯುತ್ತಾರೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಸ್ಟಿಯರಿಂಗ್ ಕೈಯಲ್ಲಿ ಹಗುರಾದಂತಾಗುತ್ತದೆ. ಆಫೀಸಿನ ಗೆಳೆಯ ‘ಹಿಂದಿನ ಸ್ಪ್ರಿಂಗಿಗೆ ಏರ್‌ಬ್ಯಾಗ್ ಹಾಕಿಸಿ ಗಾಳಿ ತುಂಬಿ ಸಮ ಮಾಡಿಕೋ’ ಅನ್ನುತ್ತಾನೆ. ತಿಪಟೂರಿನಲ್ಲಿ ತೆಂಗಿನಕಾಯಿ ಸಾಗಿಸಲು ಬೊಲೆರೊ ಪಿಕಪ್ ಇಟ್ಟಿರುವ ಭಾವ ‘ಇನ್ನೊಂದು ಕಮಾನ್ ಪ್ಲೇಟ್ ಸೇರಿಸು, ಸಾಕು’ ಅನ್ನುತ್ತಾರೆ. ಹೆಂಡತಿಯಂತೂ ಇದು ಸರಿಯಾಗುವ ತನಕ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಅಕ್ಟೋಬರಿನಲ್ಲಿ ಅತ್ತೆ-ಮಾವ ಬರುತ್ತಾರೆ, ಪಾಲೊ ಡ್ಯೂರೊ ಕಣಿವೆಗೆ ಕರೆದೊಯ್ಯುವ ಆಸೆ. ಹಿಂಭಾಗವನ್ನು ಎಷ್ಟು ಎತ್ತರಿಸಲಿ?
— ಹೆಸರು ಬೇಡ, ಪ್ಲೇನೋ

ಉತ್ತರ: ಮೊದಲು ನಿಮ್ಮ ಮನೆಯವರ ಮಾತು. ಅದನ್ನು ಹಟ ಎಂದು ತಳ್ಳಿಹಾಕಬೇಡಿ. ನೀವು ಮೂವರೂ ಹಿಂದಿನ ಎತ್ತರವನ್ನೇ ನೋಡುತ್ತಿದ್ದೀರಿ, ಅವರು ಪಕ್ಕದ ಸೀಟಿನಲ್ಲಿ ಕೂತು ಗಾಡಿ ಹಿಡಿತ ಕಳೆದುಕೊಳ್ಳುವುದನ್ನು ಗಮನಿಸಿದ್ದಾರೆ. ಪತ್ರದಲ್ಲಿ ನನಗೂ ಭಯ ಹುಟ್ಟಿಸಿದ ಸಾಲು ಸ್ಟಿಯರಿಂಗ್ ಹಗುರಾಗುವುದರದ್ದು. ಪಿಕಪ್ ಖಾಲಿಯಿರುವಾಗ ಹಿಂಭಾಗ ಸ್ವಲ್ಪ ಎತ್ತರವಾಗಿಯೇ ಇರುತ್ತದೆ, ಭಾರ ಬಿದ್ದಾಗ ಇಳಿಯಲಿ ಎಂದೇ ಕಂಪನಿ ಹಾಗೆ ಮಾಡಿರುತ್ತದೆ. ಆದ್ದರಿಂದ ಹಿಂದೆ ಒಂದೆರಡು ಇಂಚು ಇಳಿದರೆ ಅದು ತಾನಾಗಿ ದೋಷವಲ್ಲ. ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗುವುದೇ ಅಪಾಯ, ಏಕೆಂದರೆ ತಿರುಗಿಸುವುದು ಅವೇ, ಬ್ರೇಕಿನ ಹೆಚ್ಚಿನ ಕೆಲಸವೂ ಅವುಗಳದ್ದೇ.

ಲೆಕ್ಕ ಹೀಗಿದೆ. ಟ್ರಾವೆಲ್ ಟ್ರೈಲರ್‌ನ ಮೂಕಿ ಹಿಚ್ ಬಾಲ್ ಮೇಲೆ ಹೇರುವ ಭಾರ, ಅಂದರೆ ಟಂಗ್ ವೇಟ್, ಒಟ್ಟು ತೂಕದ ಶೇ 10ರಿಂದ 15 ಇರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೈಲರ್ ಹಾವಿನಂತೆ ಓಲಾಡುತ್ತದೆ. ನಿಮ್ಮದನ್ನು 750 ಪೌಂಡ್ ಎಂದುಕೊಳ್ಳೋಣ. ಹಿಚ್ ಬಾಲ್ ಹಿಂದಿನ ಆಕ್ಸಲ್‌ನಿಂದ ಸುಮಾರು 4 ಅಡಿ ಹಿಂದಿದೆ, ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 12 ಅಡಿ. ಸನ್ನೆಕೋಲಿನ ಲೆಕ್ಕದಲ್ಲಿ ಮುಂದಿನ ಆಕ್ಸಲ್‌ನಿಂದ 250 ಪೌಂಡ್ ಎದ್ದುಹೋಗಿ ಹಿಂದಿನ ಆಕ್ಸಲ್ ಮೇಲೆ 1,000 ಪೌಂಡ್ ಬೀಳುತ್ತದೆ. ಊರಿನ ಎತ್ತಿನ ಗಾಡಿಗೆ ಹಿಂಭಾರವಾದಾಗ ನೊಗ ಮೇಲೇಳುತ್ತದಲ್ಲ, ಹಾಗೆ. ಆಗ ಯಾರೂ ಅಚ್ಚನ್ನು ಎತ್ತರಿಸುವುದಿಲ್ಲ, ಹೇರನ್ನು ಮುಂದಕ್ಕೆ ಸರಿಸುತ್ತಾರೆ.

ಗೆಳೆಯನ ಸಲಹೆ ಎಡವುವುದು ಇಲ್ಲೇ. ಏರ್‌ಬ್ಯಾಗಿಗೆ ಗಾಳಿ ತುಂಬಿದರೆ ಗಾಡಿ ಸಮವಾಗಿ ಕಾಣುತ್ತದೆ, ಹೆಡ್‌ಲೈಟೂ ಕೆಳಗಿಳಿಯುತ್ತದೆ. ಆದರೆ ಮುಂದಿನಿಂದ ಎದ್ದುಹೋದ 250 ಪೌಂಡ್ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನೋಡಲು ಸರಿಯಾದ ಗಾಡಿಯನ್ನು ನಂಬಿ ನೀವು ಇನ್ನೂ ವೇಗವಾಗಿ ಹೋಗುತ್ತೀರಿ, ಇದು ನನಗೆ ಕುಸಿತಕ್ಕಿಂತ ಹೆಚ್ಚು ಆತಂಕದ ವಿಷಯ. ಭಾವನವರ ಮಾತು ಅವರ ಗಾಡಿಗೆ ಹೊಂದುತ್ತದೆ. ಬೊಲೆರೊದಲ್ಲಿ ಕಾಯಿಯ ಭಾರ ತೊಟ್ಟಿಯಲ್ಲಿ, ಹಿಂದಿನ ಆಕ್ಸಲ್ ಆಸುಪಾಸಿನಲ್ಲೇ ಬೀಳುತ್ತದೆ. ನಿಮ್ಮದು ಆಕ್ಸಲ್‌ನ ಆಚೆ ಒಂದೇ ಬಿಂದುವಿನಲ್ಲಿ ತೂಗುತ್ತಿದೆ. ಮೇಲಾಗಿ ಪ್ಲೇಟ್ ಸೇರಿಸಿದರೆ ಟ್ರೈಲರ್ ಇಲ್ಲದ ದಿನಗಳಲ್ಲೂ ಗಾಡಿ ಎತ್ತಿ ಎತ್ತಿ ಹಾಕುತ್ತದೆ.

ನಿಮಗೆ ಬೇಕಾದದ್ದು ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್. ಇದರ ಎರಡು ಸ್ಪ್ರಿಂಗ್ ಬಾರ್‌ಗಳು ಹಿಚ್‌ನಿಂದ ಟ್ರೈಲರ್‌ನ ಚೌಕಟ್ಟಿಗೆ ಬಿಗಿದುಕೊಂಡು ಭಾರದ ಒಂದು ಪಾಲನ್ನು ಮುಂದಿನ ಚಕ್ರಗಳಿಗೆ, ಇನ್ನೊಂದು ಪಾಲನ್ನು ಟ್ರೈಲರ್‌ನ ಚಕ್ರಗಳಿಗೆ ಹಂಚುತ್ತವೆ. ಕೊಳ್ಳುವ ಮುನ್ನ ಪಿಕಪ್ಪಿನ ರಿಸೀವರ್, ಅಂದರೆ ಹಿಚ್ ಸಿಕ್ಕಿಸುವ ಕೊಳವೆಯ ಮೇಲಿನ ಲೇಬಲ್ ಓದಿ. ಇಂಥ ಹಿಚ್ ಇಲ್ಲದೆ ಎಷ್ಟು ಭಾರ ಹೊರಬಹುದು, ಇದ್ದರೆ ಎಷ್ಟು ಎಂದು ಬೇರೆ ಬೇರೆ ಅಂಕಿ ಕೊಟ್ಟಿರುತ್ತಾರೆ.

ಹೊಂದಿಸುವಾಗ ಅವಸರ ಬೇಡ. ಸಮತಟ್ಟಾದ ಜಾಗದಲ್ಲಿ ಟ್ರೈಲರ್ ಇಲ್ಲದೆ ನಿಲ್ಲಿಸಿ, ಮುಂದಿನ ಚಕ್ರದ ನಡುಬಿಂದುವಿಗೆ ನೇರವಾಗಿ ನೆಲದಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯಿರಿ. 37 ಇಂಚು ಬಂತು ಎನ್ನಿ. ಟ್ರೈಲರ್ ಸಿಕ್ಕಿಸಿ, ಬಾರ್ ಬಿಗಿಯದೆ ಅಳೆಯಿರಿ, 38 ಆಗಿರಬಹುದು. ಬಾರ್ ಬಿಗಿದ ಮೇಲೆ ಏರಿದ ಆ ಒಂದು ಇಂಚಿನಲ್ಲಿ ಅರ್ಧವಾದರೂ ಇಳಿಯಬೇಕು. ನಿಖರವಾಗಿ ಎಷ್ಟು ಎಂಬುದಕ್ಕೆ ನಿಮ್ಮ ಮಾಡೆಲ್ ವರ್ಷದ ಕೈಪಿಡಿಯೇ ಪ್ರಮಾಣ. ಆದರೆ 37ಕ್ಕಿಂತ ಕೆಳಗೆ ಇಳಿಸಬೇಡಿ. ಮುಂದೆ ಅತಿಯಾಗಿ ಭಾರ ಹೋದರೆ ಹಿಂದಿನ ಟೈರು ಹಗುರಾಗಿ ತಿರುವಿನಲ್ಲಿ ಬಾಲ ಹೊರಗೆ ಜಾರುತ್ತದೆ. ಬಾರ್ ಬಿಗಿಯುವಾಗ ಟ್ರೈಲರ್ ಜಾಕ್‌ನಿಂದ ಮೂಕಿಯನ್ನೂ ಪಿಕಪ್ಪಿನ ಹಿಂಭಾಗವನ್ನೂ ಒಟ್ಟಿಗೆ ಎತ್ತಿಕೊಂಡರೆ ಶ್ರಮವಿಲ್ಲ. ಬಾರಿನ ನೇರಕ್ಕೆ ಮುಖ, ಮೊಣಕಾಲು ಇಡಬೇಡಿ, ಜಾರಿದರೆ ಮೂಳೆ ಮುರಿಯುವಷ್ಟು ಬಲ ಅದಕ್ಕಿದೆ. ಕೊನೆಗೆ ಟ್ರೈಲರ್ ನೆಲಕ್ಕೆ ಸಮನಾಗಿ ಅಥವಾ ಮೂಕಿ ಕೂದಲೆಳೆಯಷ್ಟು ತಗ್ಗಾಗಿ ನಿಂತಿರಬೇಕು. ಮೂಕಿ ಮೇಲಾಗಿದ್ದರೆ ಬಾಲ್ ಕೂರಿಸಿದ ರಂಧ್ರವನ್ನು ಒಂದು ಕೆಳಗೆ ಬದಲಿಸಿ.

ಇಷ್ಟಾದ ಮೇಲೂ ಹಿಂಭಾಗ ತಗ್ಗೆನಿಸಿದರೆ ಏರ್‌ಬ್ಯಾಗಿಗೆ ನನ್ನ ಅಭ್ಯಂತರವಿಲ್ಲ, ಸ್ವಲ್ಪ ಗಾಳಿ ಮಾತ್ರ. ಹಿಂಭಾಗ ಎದ್ದಷ್ಟೂ ಬಾರ್‌ಗಳ ಬಿಗಿತ ಸಡಿಲವಾಗುತ್ತದೆ, ಹಾಗಾಗಿ ಗಾಳಿ ಬದಲಿಸಿದಾಗಲೆಲ್ಲ ಮುಂದಿನ ಫೆಂಡರ್ ಮತ್ತೆ ಅಳೆಯಿರಿ. ಟೇಪಿನ ಮೇಲೆ ನಂಬಿಕೆ ಸಾಲದಿದ್ದರೆ ಹೆದ್ದಾರಿಯ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ಗೆ ಹೋಗಿ, ಅಲ್ಲಿ ಪ್ರತಿ ಆಕ್ಸಲ್‌ನ ತೂಕ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುತ್ತದೆ.

ಇನ್ನು ಅತ್ತೆ-ಮಾವ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇದೆ, ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ಜಾಹೀರಾತಿನ ಎಳೆಯುವ ಸಾಮರ್ಥ್ಯದ ಅಂಕಿಗಿಂತ ನಿಮಗೆ ಇದೇ ಮುಖ್ಯ. ಅದು 1,600 ಎಂದಿಟ್ಟುಕೊಳ್ಳಿ. ಮೂಕಿಯ ಭಾರ 750, ಹಿಚ್ 100, ನಾಲ್ವರು ದೊಡ್ಡವರು ಮತ್ತು ಇಬ್ಬರು ಮಕ್ಕಳು ಸುಮಾರು 730. ಅಲ್ಲಿಗೆ 1,580 ಆಯಿತು. ತೊಟ್ಟಿಯಲ್ಲಿ ಒಂದು ಕೂಲರ್, ಒಂದು ಅಕ್ಕಿ ಚೀಲ ಇಟ್ಟರೂ ಮಿತಿ ದಾಟಿತು. ಏರ್‌ಬ್ಯಾಗಾಗಲಿ ಹೆಚ್ಚುವರಿ ಪ್ಲೇಟಾಗಲಿ ಆ 1,600ಕ್ಕೆ ಒಂದು ಪೌಂಡೂ ಕೂಡಿಸುವುದಿಲ್ಲ. ಬ್ರೇಕು, ಟೈರು, ಆಕ್ಸಲ್ ಎಲ್ಲ ಹಳೆಯವೇ ತಾನೆ?

ನಿಮ್ಮ ಸ್ಟಿಕ್ಕರಿನ ಅಂಕಿಯಿಟ್ಟು ಇದೇ ಲೆಕ್ಕ ಮನೆಯವರ ಜೊತೆ ಕೂತು ಮಾಡಿ. ಮೀರಿದರೆ ಅವರು ಹಿರಿಯರನ್ನು ಕಾರಿನಲ್ಲಿ ಕರೆತರಲಿ, ನೀವು ಟ್ರೈಲರ್ ಎಳೆದುಕೊಂಡು ಬನ್ನಿ. ಟ್ರೈಲರ್‌ನ ನೀರಿನ ಟ್ಯಾಂಕ್ ಖಾಲಿ ಒಯ್ಯಿರಿ. 40 ಗ್ಯಾಲನ್ ನೀರೆಂದರೆ 330 ಪೌಂಡ್, ಪಾರ್ಕಿನಲ್ಲಿ ನಲ್ಲಿ ಇದೆ. ಕಣಿವೆಗೆ ಇಳಿಯುವ ರಸ್ತೆ ಕಡಿದಾಗಿದೆ, ಮೇಲಿನಿಂದಲೇ ಕೆಳ ಗೇರಿಗೆ ಹಾಕಿಕೊಂಡು ಇಳಿಯಿರಿ.